ಅಜ್ಜನ ಸ್ಕೂಟರಿನ ಕೀ

ಹಿರಿಯರ ಮರೆವಿನ ಮಾತು ಬಂದರೆ ನಾವು ನಗುತ್ತೇವೆ. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಿದ ಕಥೆ ಯಾರ ಮನೆಯಲ್ಲಿಲ್ಲ? ಆದರೆ ಮೂವತ್ತು ವರ್ಷ ಓಡಾಡಿದ ದಾರಿಯಲ್ಲೇ ಮನೆಯ ತಿರುವು ತಪ್ಪಿದರೆ, ಸ್ಕೂಟರಿನ ಮೇಲೆ ಎಲ್ಲಿ ತಾಗಿತೆಂದು ಅವರಿಗೇ ಗೊತ್ತಿಲ್ಲದ ಗೀರುಗಳು ಕಂಡರೆ ಅದು ನಗುವ ವಿಷಯವಲ್ಲ. ಡಿಮೆನ್ಶಿಯಾ ಎಂಬ ಕಾಯಿಲೆ ನೆನಪನ್ನು ಮಾತ್ರ ಕೆಡಿಸುವುದಿಲ್ಲ. ಎದುರಿನ ಬಸ್ಸು ಎಷ್ಟು ದೂರದಲ್ಲಿದೆ, ಈಗ ಹೆದ್ದಾರಿ ದಾಟಬಹುದೇ ಎಂಬ ಅಂದಾಜನ್ನೂ ಕೆಡಿಸುತ್ತದೆ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಇದು ಇದೆ.

55 ದಾಟಿದವರ ಲೈಸೆನ್ಸ್ ಐದು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಅದಕ್ಕೆ ವೈದ್ಯರು ಸಹಿ ಹಾಕುವ 1ಎ ಫಾರಂ ಮುಖ್ಯವಾಗಿ ಕಣ್ಣು, ಕಿವಿ, ಕೈಕಾಲುಗಳನ್ನು ವಿಚಾರಿಸುತ್ತದೆ. ಮರೆವಿನ ಪರೀಕ್ಷೆ ಅದರಲ್ಲಿಲ್ಲ. ಈ ಕಾಯಿಲೆಗೆ ಐದು ವರ್ಷ ಬಹಳ ದೊಡ್ಡ ಅವಧಿ ಕೂಡ. ಬ್ರಿಟನ್ನಿನಲ್ಲಿ ಡಿಮೆನ್ಶಿಯಾ ಇದೆಯೆಂದು ಗೊತ್ತಾದ ಚಾಲಕರು ಲೈಸೆನ್ಸ್ ಇಲಾಖೆಗೆ ತಿಳಿಸಲೇಬೇಕೆಂಬ ಕಾನೂನಿದೆ. ನಮ್ಮಲ್ಲಿ ಆ ಕೆಲಸ ಮನೆಯವರ ಮೇಲೆಯೇ ಬೀಳುತ್ತದೆ.

ಮನೆಯವರು ಏನು ಮಾಡುತ್ತಾರೆ? ಕೀ ಅಡಗಿಸಿಡುತ್ತಾರೆ. ನನ್ನ ಮಾವಂದಿರು ಮಾಡಿದ್ದೂ ಅದನ್ನೇ. ಕೀ ಕಳವಾಯಿತೆಂದು ಅಜ್ಜ ಎರಡು ದಿನ ಹುಡುಕಿದರು, ಪಕ್ಕದ ಮನೆಯವರ ಮೇಲೂ ಸಂಶಯಪಟ್ಟರು. ಆಮೇಲೆ ಕೇಳುವುದನ್ನೇ ಬಿಟ್ಟು ಸಿಟೌಟಿನ ಕುರ್ಚಿ ಹಿಡಿದರು. ಗಾಡಿ ನಿಲ್ಲಿಸಿದ್ದು ಸರಿ, ನಿಲ್ಲಿಸಿದ ರೀತಿ ಸರಿಯಲ್ಲ ಎಂದು ನಾನು ಈಗಲೂ ವಾದಿಸುತ್ತೇನೆ. ಸುಬ್ಹಿ ನಮಾಝ್, ಮೀನು ಮಾರ್ಕೆಟ್, ಹಳೆಯ ಸ್ನೇಹಿತರ ಅಂಗಡಿ ಎಲ್ಲವೂ ಆ ಕೀಯಲ್ಲಿಯೇ ಇದ್ದವು. ಕೀ ತೆಗೆದುಕೊಂಡವರು ಆ ಓಡಾಟದ ಹೊಣೆಯನ್ನೂ ತೆಗೆದುಕೊಳ್ಳಬೇಕು.

‘ನಿಮಗೆ ಓಡಿಸಲು ಆಗುತ್ತದಾ?’ ಎಂದು ಅವರನ್ನೇ ಕೇಳಿ ಪ್ರಯೋಜನವಿಲ್ಲ. ತನಗೆ ಕಷ್ಟವಾಗುತ್ತಿದೆ ಎಂಬ ಅರಿವನ್ನೇ ಈ ಕಾಯಿಲೆ ಹಲವರಿಂದ ಕಸಿಯುತ್ತದೆ. ಮಕ್ಕಳು ಹೇಳಿದರೆ ಜಗಳ, ಡಾಕ್ಟರು ಹೇಳಿದರೆ ಒಪ್ಪಬಹುದು. ನಿಮ್ಹಾನ್ಸ್ ಸಹಯೋಗದ ಮಿದುಳು ಆರೋಗ್ಯ ಕ್ಲಿನಿಕ್‌ಗಳು ಈಗ ಜಿಲ್ಲಾ ಆಸ್ಪತ್ರೆಗಳಲ್ಲಿವೆ. ಆರಂಭದ ಹಂತದಲ್ಲಿರುವ ಎಲ್ಲರೂ ಅಂದೇ ಗಾಡಿ ಬಿಡಬೇಕೆಂದಿಲ್ಲ. ಅದನ್ನು ತೀರ್ಮಾನಿಸಬೇಕಾದವರು ವೈದ್ಯರು, ಅದೂ ಆಗಾಗ ಪರೀಕ್ಷಿಸಿ.

ಇನ್ನು ಓಡಾಟದ ಹೊಣೆ. ನಮ್ಮಲ್ಲಿ 18 ತುಂಬಿ ಲೈಸೆನ್ಸ್ ಪಡೆದವರು ಎರಡು ಹೆಲ್ಮೆಟ್ ತೆಗೆದುಕೊಂಡು ಹೊರಡಬಹುದು. ತುಂಬದವರು (ತುಂಬದೆಯೂ ಗಾಡಿ ತರುವವರು ಯಾರೆಂದು ನಮಗೆಲ್ಲ ಗೊತ್ತು) ಜೊತೆಗೆ ನಡೆದು ಹೋಗಬಹುದು. ಸುಬ್ಹಿಗಂತೂ ಅಜ್ಜನೇ ನಮ್ಮನ್ನು ಎಬ್ಬಿಸುತ್ತಾರೆ.