ಯಂತ್ರಗಳ ಗರಡಿ

ಕಳ್ಳನನ್ನು ಹಿಡಿಯಬೇಕಾದವನು ಕಳ್ಳನ ಜಾಡನ್ನು ಬಲ್ಲವನಾಗಿರಬೇಕೆಂಬುದು ಲೋಕಾನುಭವದ ಮಾತು. ಈಗ ಅದನ್ನು ಯಂತ್ರಕ್ಕೂ ಅನ್ವಯಿಸಿ ನೋಡುತ್ತಿದ್ದಾರೆ. ಗಣಕಜಾಲಗಳೊಳಕ್ಕೆ ನುಗ್ಗುವ ವಿದ್ಯೆಯನ್ನೂ ಅವನ್ನು ಕಾಯುವ ವಿದ್ಯೆಯನ್ನೂ ಯಂತ್ರಕ್ಕೇ ಕಲಿಸುವ ಗರಡಿಗಳು ಹುಟ್ಟಿಕೊಂಡಿವೆ.

ಮೈಕ್ರೋಸಾಫ್ಟ್ ಸಂಸ್ಥೆ 2021ರಲ್ಲಿ 'ಸೈಬರ್‌ಬ್ಯಾಟಲ್‌ಸಿಮ್' ಎಂಬ ಅಂಥದೊಂದು ಗರಡಿಯನ್ನು ಎಲ್ಲರಿಗೂ ತೆರೆದಿಟ್ಟಿತು. ಅಲ್ಲಿರುವುದು ನಿಜವಾದ ಜಾಲವಲ್ಲ, ಜಾಲದ ರೇಖಾಚಿತ್ರ. ಒಂದು ಗಣಕ ಆಗಲೇ ಶತ್ರುವಿನ ಕೈವಶವಾಗಿದೆಯೆಂಬ ಕಲ್ಪನೆಯಿಂದ ಆಟ ಮೊದಲಾಗುತ್ತದೆ. ಅಲ್ಲಿಂದ ನೆರೆಯ ಗಣಕಗಳನ್ನು ಒಂದೊಂದಾಗಿ ಗೆಲ್ಲಬೇಕು; ಗೆದ್ದದ್ದರ ಬೆಲೆಗೆ ತಕ್ಕಂತೆ ಅಂಕ ದೊರೆಯುತ್ತದೆ. ಯಂತ್ರಕ್ಕೆ ಯಾರೂ ಪಾಠ ಹೇಳುವುದಿಲ್ಲ. ಅದು ಮತ್ತೆ ಮತ್ತೆ ಎಡವಿ, ಅಂಕ ತಂದ ದಾರಿಯನ್ನು ನೆನಪಿನಲ್ಲಿಟ್ಟು ಪಳಗುತ್ತದೆ. ಈ ಚಿತ್ರದಲ್ಲಿ ನಿಜವಾದ ಆಯುಧಗಳನ್ನಿಡದಿರುವುದು ವಿವೇಕದ ಕೆಲಸ. ಇಲ್ಲಿ ಪಳಗಿದ್ದು ಹಾಗೆಯೇ ಹೊರಗೆ ಬಂದು ಕನ್ನ ಹಾಕಲಾರದು.

ಕಾವಲುಗಾರನ ಶಿಕ್ಷಣ ಇನ್ನೂ ಕುತೂಹಲಕರವಾದದ್ದು. ಆಸ್ಟ್ರೇಲಿಯ, ಬ್ರಿಟನ್, ಅಮೆರಿಕ, ಕೆನಡ, ನ್ಯೂಜಿಲೆಂಡ್‌ಗಳ ರಕ್ಷಣಾ ಸಂಶೋಧನ ಸಹಕಾರದ ಫಲವಾಗಿ 2021ರಲ್ಲಿ 'ಕೇಜ್' ಎಂಬ ಸ್ಪರ್ಧೆಗಳು ಆರಂಭವಾದವು. 2022ರ ಎರಡನೆಯ ಸ್ಪರ್ಧೆಯಲ್ಲಿ ಎರಡು ಬಗೆಯ ಆಕ್ರಮಣಕಾರರಿದ್ದರು. ಒಬ್ಬನು ಜಾಲದ ನಕ್ಷೆಯನ್ನರಿತು ನೇರವಾಗಿ ಮುಖ್ಯ ಗಣಕಕ್ಕೆ ಧಾವಿಸುವವನು. ಇನ್ನೊಬ್ಬನು ಸಿಕ್ಕ ಬಾಗಿಲನ್ನೆಲ್ಲ ತಡಕುತ್ತ ಅಲೆಯುವವನು. ಕಾವಲುಗಾರನು ಪರೀಕ್ಷಿಸಬಹುದು, ಹುಸಿ ಬಾಗಿಲನ್ನಿಟ್ಟು ವಂಚಿಸಬಹುದು, ಸೋಂಕಿದ ಗಣಕವನ್ನು ತೊಳೆದು ಮೊದಲ ಸ್ಥಿತಿಗೆ ತರಬಹುದು. ಆದರೆ ಹಾಗೆ ತೊಳೆದಾಗಲೆಲ್ಲ ಅವನ ಅಂಕ ಕಡಿಮೆಯಾಗುತ್ತದೆ. ಏಕೆಂದರೆ ಅಷ್ಟು ಹೊತ್ತು ಅದನ್ನು ನಂಬಿದವರ ಕೆಲಸ ನಿಲ್ಲುತ್ತದೆ.

ನನ್ನ ದೃಷ್ಟಿಯಲ್ಲಿ ವಿಷಯದ ಮರ್ಮವಿರುವುದು ಈ ಅಂಕದಲ್ಲಿ. ಯಂತ್ರಕ್ಕೆ ಒಳಿತು ಕೆಡುಕುಗಳ ಅರಿವಿಲ್ಲ. ನಾವು ಬರೆದುಕೊಟ್ಟ ಲೆಕ್ಕವೇ ಅದರ ಧರ್ಮಶಾಸ್ತ್ರ. ಆಸ್ಪತ್ರೆಯ ಗಣಕವೊಂದು ಒಂದು ಗಂಟೆ ಸ್ತಬ್ಧವಾಗುವುದಕ್ಕೆ ಎಷ್ಟು ಅಂಕ ಕಳೆಯಬೇಕು? ಶತ್ರು ಒಳಗೇ ಉಳಿಯುವುದಕ್ಕೆ ಎಷ್ಟು? ಈ ತೂಕವನ್ನು ತಪ್ಪಾಗಿ ಇಟ್ಟರೆ, ಯಂತ್ರವು ರೋಗಿಯನ್ನು ಮರೆತು ಗಣಕವನ್ನು ಕಾಪಾಡೀತು; ಅಥವಾ ತೊಂದರೆ ಕೊಡಬಾರದೆಂದು ಸುಮ್ಮನೆ ಕುಳಿತೀತು. ಎರಡೂ ಅದರ ಲೆಕ್ಕದಲ್ಲಿ ಸರಿಯೇ.

ಮತ್ತೊಂದು ಕೊರತೆಯನ್ನು ಉಪಾಧ್ಯಾಯರು ಬಹು ಬೇಗ ಗುರುತಿಸುತ್ತಾರೆ. ಹಳೆಯ ಪ್ರಶ್ನೆಪತ್ರಿಕೆಗಳನ್ನೇ ಉರುಹೊಡೆದ ವಿದ್ಯಾರ್ಥಿ ಹೊಸ ಪ್ರಶ್ನೆಯ ಮುಂದೆ ತಬ್ಬಿಬ್ಬಾಗುತ್ತಾನೆ. ಒಂದೇ ಬಗೆಯ ಎದುರಾಳಿಯೊಡನೆ ಪಳಗಿದ ಕಾವಲುಗಾರನ ಪಾಡೂ ಅದೇ. ಚಿತ್ರದ ಜಾಲದಲ್ಲಿ ಹದಿಮೂರು ಗಣಕಗಳಿದ್ದರೆ ನಿಜವಾದ ಜಾಲದಲ್ಲಿ ಸಾವಿರಾರು. ಅವುಗಳ ಜೊತೆಗೆ ದಣಿದ, ಮರೆಗುಳಿಯಾದ, ಅವಸರದ ಮನುಷ್ಯರು.

ಇಷ್ಟರಿಂದ ಗರಡಿಯನ್ನು ಮುಚ್ಚಬೇಕೆಂದು ನಾನು ಹೇಳಲಾರೆ. ಆಕ್ರಮಿಸುವವರು ಹೇಗೂ ಕಲಿಯುತ್ತಾರೆ. ಕಾಯುವವರು ಕಲಿಯದಿದ್ದರೆ ನಷ್ಟ ನಮಗೇ. ಆದರೆ ಬೀಗದ ಕೈಯನ್ನು ಯಂತ್ರಕ್ಕೆ ಒಪ್ಪಿಸುವ ಮೊದಲು ಅಂಕಪಟ್ಟಿಯನ್ನು ಬರೆದವರಾರು, ಯಾರ ಹಿತವನ್ನು ನೆನೆದು ಬರೆದರು ಎಂಬುದನ್ನು ಕೇಳುವ ಹಕ್ಕು ತಂತ್ರಜ್ಞರಿಗೆ ಮಾತ್ರವಲ್ಲ, ಆ ಜಾಲವನ್ನು ನಂಬಿ ಬದುಕುವ ಸಾಮಾನ್ಯರಿಗೂ ಇದೆ.