ಉಕ್ಕಿನ ಕುಲುಮೆಗೆ ಹಳೆಯ ಟೈರು

ಕಟ್ಟಿಗೆ, ಕಲ್ಲಿದ್ದಲು ಉರಿಸುವ ಬೇಕರಿಗಳು ಆರು ತಿಂಗಳೊಳಗೆ ಗ್ಯಾಸಿಗೋ ಬೇರೆ ಶುದ್ಧ ಇಂಧನಕ್ಕೋ ತಿರುಗಬೇಕೆಂದು ಮುಂಬಯಿ ಹೈಕೋರ್ಟು 2025ರ ಜನವರಿಯಲ್ಲಿ ಆದೇಶ ಕೊಟ್ಟಿತು. ಹೋಟೆಲುಗಳ ತಂದೂರಿಗೂ ಮಹಾನಗರಪಾಲಿಕೆಯ ನೋಟೀಸು ಬಂತು. ಹೊಗೆ ಕುಡಿದು ಬಲ್ಲ ನಮ್ಮವರಿಗೆ ಇದು ಬೇಡವಾದ ಮಾತಲ್ಲ. ಆದರೆ ರೊಟ್ಟಿಯ ಒಲೆಗೆ ಇಷ್ಟು ಬೇಗ ತಟ್ಟಿದ ಆಜ್ಞೆ ಉಕ್ಕಿನ ಕುಲುಮೆಗೆ ಎಂದು ತಟ್ಟೀತು ಎಂದು ಕೇಳುವ ಹಕ್ಕೂ ನಮಗುಂಟು.

ಅದಿರಿನಿಂದ ಕಬ್ಬಿಣ ತೆಗೆಯುವ ಊದುಕುಲುಮೆಯಲ್ಲಿ ಕೋಕ್ ಕಾವು ಕೊಡುವುದಷ್ಟೇ ಅಲ್ಲ. ಅದಿರಿಗೆ ಅಂಟಿಕೊಂಡಿರುವ ಆಮ್ಲಜನಕವನ್ನು ಕಿತ್ತು ತೆಗೆಯುವುದೂ ಅದರ ಇಂಗಾಲವೇ. ಆದುದರಿಂದ ಒಲೆ ಬದಲಿಸಿದಂತೆ ಅದನ್ನು ಬದಲಿಸಲು ಬಾರದು.

ಈ ಗಂಟಿಗೆ ಕೈಹಾಕಿದವರಲ್ಲಿ ನಮ್ಮ ಮುಂಬಯಿಯಲ್ಲೇ ಹುಟ್ಟಿದ ಡಾ. ವೀಣಾ ಸಹಜವಾಲಾ ಅವರೊಬ್ಬರು. ಕಾನಪುರದ ಐ.ಐ.ಟಿ.ಯಲ್ಲಿ ಲೋಹಶಾಸ್ತ್ರ ಓದಿದ ಅವರು ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರು. ಗುಜರಿ ಉಕ್ಕನ್ನು ವಿದ್ಯುತ್ತಿನಿಂದ ಕರಗಿಸುವ ಕುಲುಮೆಗೆ ಊದುವ ಕೋಕಿನಲ್ಲಿ ಒಂದು ಭಾಗವನ್ನು ಬಿಟ್ಟು, ಬದಲಿಗೆ ಹಳೆಯ ಟೈರಿನ ರಬ್ಬರು ಊದಬಹುದೆಂದು ಅವರು ತೋರಿಸಿಕೊಟ್ಟರು. ಸುಮಾರು 1600 ಡಿಗ್ರಿ ಕಾವಿನಲ್ಲಿ ರಬ್ಬರು ಬೀದಿಯಲ್ಲಿ ಸುಟ್ಟಂತೆ ಕರಿಹೊಗೆಯಾಗದೆ ಇಂಗಾಲವಾಗಿ, ಜಲಜನಕವಾಗಿ ಒಡೆಯುತ್ತದೆ. ಕಿಟ್ಟ ನೊರೆಯುಕ್ಕುತ್ತದೆ. ಆ ನೊರೆ ಹಂಡೆಯ ಮುಚ್ಚಳದಂತೆ ಕಾವು ಹಿಡಿದಿಡುವುದರಿಂದ ವಿದ್ಯುತ್ತು ಉಳಿಯುತ್ತದೆ. ಒನ್‌ಸ್ಟೀಲ್ ಎಂಬ ಕಂಪನಿಯ ಕುಲುಮೆಗಳಲ್ಲಿ ಇದು ಬಳಕೆಗೆ ಬಂದು ಲಕ್ಷಗಟ್ಟಲೆ ಟೈರುಗಳು ಅದರೊಳಗೆ ಹೋಗಿವೆ.

ಪೂರ್ಣ ಮದ್ದು ಇದಲ್ಲ. ಟೈರಿನದಾದರೂ ಇಂಗಾಲ ಇಂಗಾಲವೇ. ಅದಿರಿನ ಪ್ರಶ್ನೆಗೆ ಸ್ವೀಡನ್ನಿನವರು ಬೇರೆ ಉತ್ತರ ಹುಡುಕಿ, 2021ರಲ್ಲಿ ಕಲ್ಲಿದ್ದಲಿನ ಬದಲು ಜಲಜನಕದಿಂದ ಕಬ್ಬಿಣ ತೆಗೆದರು. ಅದು ಇನ್ನೂ ದುಬಾರಿಯ ದಾರಿ.

ಬಾಲ್ಯದಲ್ಲಿ ಮುಂಬಯಿಯ ಬೀದಿಗಳಲ್ಲಿ ಕಸ ಆಯ್ದು ಬದುಕುವವರನ್ನು ಕಂಡದ್ದೇ ತಮ್ಮನ್ನು ಈ ಕೆಲಸಕ್ಕೆ ಹಚ್ಚಿತೆಂದು ಡಾ. ವೀಣಾ ಹೇಳಿದ್ದುಂಟು. ಕುಲುಮೆಯ ವಿದ್ಯೆಗಿಂತ ಈ ಮಾತು ನಮಗೆ ದೊಡ್ಡದಾಗಿ ಕಾಣುತ್ತದೆ. ಟೈರು ಕಸವಾಗಿರುವ ತನಕ ಆಯುವವನದು. ಕಾರ್ಖಾನೆಗೆ ಬೇಕಾದ ದಿನ ಅದಕ್ಕೊಂದು ಬೆಲೆ ಬರುತ್ತದೆ, ಗುತ್ತಿಗೆದಾರ ಬರುತ್ತಾನೆ, ಲಾರಿ ಬರುತ್ತದೆ. ಆಯುವವನ ಕೂಲಿ ಏನಾಯಿತು? ಗಿರಣಿಗೆ ಹೊಸ ಮಗ್ಗ ಬಂದಾಗ ಕೆಲಸಗಾರನನ್ನು ಕೇಳಿ ತಂದವರಿಲ್ಲ. 1982ರ ಮುಷ್ಕರದ ತರುವಾಯ ಒಂದೊಂದಾಗಿ ಗಿರಣಿ ಮುಚ್ಚಿದಾಗಲೂ ಕೇಳಿದವರಿಲ್ಲ.

ತಂದೂರು ಬದಲಿಸುವ ಖರ್ಚಿನ ಲೆಕ್ಕವನ್ನು ಮಾಲಿಕರ ಬಾಯಿಂದ ಬೇಕಾದಷ್ಟು ಕೇಳಿದ್ದೇವೆ. ಹೊಸ ಒಲೆಯ ಕೆಲಸ ಕಲಿಸುವ ಹೊಣೆ ಯಾರದು, ಕಲಿಯುವ ದಿನಗಳ ಸಂಬಳ ಯಾರು ಕೊಡಬೇಕು ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಲಿ ಎಂದು ನಾವು ಕೇಳುತ್ತೇವೆ.