ಶನಿವಾರಕ್ಕೆ ಯಾವ ಬಣ್ಣ?

"ಹಾರ್ಮೋನಿಯಂ ಕೇಳಿದರೆ ನನ್ನ ಮೊಮ್ಮಗಳಿಗೆ ಬಣ್ಣ ಕಾಣುತ್ತದಂತೆ. ಷಡ್ಜ ಹಸಿರು, ಪಂಚಮ ಕಂದು ಅನ್ನುತ್ತಾಳೆ. ಚಿಕ್ಕಂದಿನಿಂದಲೂ ಇದೇ ಮಾತು. ಕಣ್ಣಿನ ಡಾಕ್ಟರಿಗೆ ತೋರಿಸಲೇ?" ಎಂದು ಒಬ್ಬ ಅಜ್ಜಿ ನನಗೆ ಕಾಗದ ಬರೆದಿದ್ದಾರೆ. ಕೆಳಗೆ ಪೆನ್ಸಿಲಿನಲ್ಲಿ ಮೊಮ್ಮಗಳದೇ ಒಂದು ಸಾಲು: "ನಾನು ಸುಳ್ಳು ಹೇಳ್ತಾ ಇಲ್ಲ."

ಇಲ್ಲ ಪುಟ್ಟಿ, ನೀನು ಸುಳ್ಳು ಹೇಳುತ್ತಿಲ್ಲ. ಅಜ್ಜಿ, ನೀವೂ ಗಾಬರಿಯಾಗಬೇಡಿ, ಇದು ಕಾಯಿಲೆಯಲ್ಲ. ಕೆಲವರಲ್ಲಿ ಒಂದು ಇಂದ್ರಿಯವನ್ನು ಎಬ್ಬಿಸಿದರೆ ಪಕ್ಕದಲ್ಲಿ ಮಲಗಿದ್ದ ಇನ್ನೊಂದೂ ತಾನಾಗಿ ಎದ್ದು ಕೂರುತ್ತದೆ. ಕಿವಿಗೆ ಸ್ವರ ಬಿದ್ದರೆ ಮನಸ್ಸಿಗೆ ಬಣ್ಣ ಬರುತ್ತದೆ. ಇದಕ್ಕೆ ಸಿನೆಸ್ತೀಶಿಯಾ ಎಂದು ಹೆಸರು. (ಇಷ್ಟು ದಿನ ಇಲ್ಲದ್ದು ಇದ್ದಕ್ಕಿದ್ದಂತೆ ಶುರುವಾದರೆ ಮಾತ್ರ ಡಾಕ್ಟರಿಗೆ ತೋರಿಸಿ.)

ಬಣ್ಣವೇನು ಮಹಾ, ಸ್ವಿಟ್ಜರ್ಲೆಂಡಿನ ಒಬ್ಬ ಸಂಗೀತಗಾರ್ತಿಗೆ ನಾಲಿಗೆಯ ಮೇಲೆ ರುಚಿಯೇ ಬರುತ್ತದೆ! ಎರಡು ಸ್ವರಗಳ ನಡುವಿನ ಅಂತರಕ್ಕೆ ಒಂದೊಂದು ರುಚಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸ–ಅಂತರ ಗಾಂಧಾರ ಸಿಹಿ, ಸ–ಸಾಧಾರಣ ಗಾಂಧಾರ ಉಪ್ಪು, ಸ–ಶುದ್ಧ ರಿಷಭ ಹುಳಿ. ಸ–ಮ ಆಗತಾನೇ ಕೊಯ್ದ ಹುಲ್ಲಿನಂತೆ, ಸ–ಪ ಬರೀ ನೀರಿನಂತೆ. ಜ್ಯೂರಿಕ್ ವಿಶ್ವವಿದ್ಯಾಲಯದವರು ಇದನ್ನು ಸುಮ್ಮನೆ ನಂಬಲಿಲ್ಲ. ಆಕೆಯ ನಾಲಿಗೆಗೆ ಹುಳಿ, ಕಹಿ, ಉಪ್ಪು, ಸಿಹಿ ನೀರು ಹಾಕಿ, ಸ್ವರ ನುಡಿಸಿ, ಯಾವುದೆಂದು ಗುರುತಿಸಲು ಹೇಳಿದರು. ನಾಲಿಗೆಯ ರುಚಿಯೂ ಸ್ವರದ ರುಚಿಯೂ ಒಂದೇ ಆದಾಗ ಉತ್ತರ ಬೇಗ ಬಂತು, ಬೇರೆಯಾದಾಗ ತಡವಾಯಿತು. 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಎಲ್ಲರಿಗೂ ಒಂದೇ ಬಣ್ಣ ಕಾಣುತ್ತದೆಯೇ ಅಂದರೆ, ಇಲ್ಲ. ರಷ್ಯಾದ ಸಂಗೀತಗಾರರಾದ ರಿಮ್ಸ್ಕಿ ಕೊರ್ಸಕೊವ್ ಮತ್ತು ಸ್ಕ್ರಿಯಾಬಿನ್ ಇಬ್ಬರೂ ಡಿ ಮೇಜರ್ ಹಳದಿ ಎಂದು ಒಪ್ಪಿದರು. ಸಿ ಮೇಜರ್ ಬಂದಾಗ ಒಬ್ಬರು ಬಿಳಿ ಅಂದರು, ಇನ್ನೊಬ್ಬರು ಕೆಂಪು ಅಂದರು!

ನಮ್ಮಲ್ಲೂ ಸ್ವರಗಳಿಗೆ ಬಣ್ಣವುಂಟು. 13ನೇ ಶತಮಾನದಲ್ಲಿ ದೇವಗಿರಿಯಲ್ಲಿದ್ದ ಶಾರ್ಙ್ಗದೇವ ತನ್ನ ‘ಸಂಗೀತ ರತ್ನಾಕರ’ದಲ್ಲಿ ಷಡ್ಜಕ್ಕೆ ತಾವರೆಯ ಬಣ್ಣ, ಗಾಂಧಾರಕ್ಕೆ ಚಿನ್ನದ್ದು, ಪಂಚಮಕ್ಕೆ ಕಪ್ಪು ಎಂದು ಬರೆದಿಟ್ಟಿದ್ದಾನೆ. ‘ರಾಗ’ ಎಂಬ ಪದಕ್ಕೂ ಬಣ್ಣ ಎಂಬ ಅರ್ಥವಿದೆ. ಆದರೆ ಶಾಸ್ತ್ರದ ಬಣ್ಣವನ್ನು ಯಾರು ಬೇಕಾದರೂ ಓದಿ ಕಲಿಯಬಹುದು. ಹುಡುಗಿಗೆ ಕಾಣುವುದು ಅವಳದೇ ಬಣ್ಣ. ಪುಸ್ತಕ ಹಿಡಿದು ಅವಳ ಹಸಿರನ್ನು ತಿದ್ದಲು ಹೋಗಬೇಡಿ.

ಈ ವಿಷಯದಲ್ಲಿ ನನಗೆ ಬಹಳ ಹಿಡಿಸಿದ್ದು ಒಬ್ಬ ತಾಯಿ. ವ್ಲಾದಿಮಿರ್ ನಬೊಕೊವ್ ಮುಂದೆ ದೊಡ್ಡ ಕಾದಂಬರಿಕಾರರಾದರು. ಚಿಕ್ಕವರಿದ್ದಾಗ ಅಕ್ಷರದ ಗಟ್ಟಿಗಳನ್ನು ಜೋಡಿಸಿ ಆಡುತ್ತಾ, "ಇವುಗಳ ಬಣ್ಣವೆಲ್ಲ ತಪ್ಪು" ಎಂದು ಅಮ್ಮನಿಗೆ ಹೇಳಿದರು. ಅಮ್ಮ ಬೈಯಲಿಲ್ಲ, ನಗಲೂ ಇಲ್ಲ. ಕುಳಿತು ಮಾತನಾಡಿಸಿದರು. ನೋಡಿದರೆ ಆಕೆಗೂ ಅಕ್ಷರಗಳಿಗೆ ಬಣ್ಣ! ಕೆಲವಂತೂ ಮಗನ ಬಣ್ಣವೇ. ಸಂಗೀತ ಕೇಳಿದರೂ ಆಕೆಗೆ ಬಣ್ಣ ಕಾಣುತ್ತಿತ್ತು, ಮಗನಿಗೆ ಅದು ಇರಲಿಲ್ಲ.

ಈಗ ಮಕ್ಕಳೇ, ಒಂದು ಹಾಳೆ ತೆಗೆದುಕೊಳ್ಳಿ. ಸರಿಗಮಪದನಿಗೆ, ವಾರದ ಏಳು ದಿನಗಳಿಗೆ ನಿಮಗೆ ಯಾವ ಬಣ್ಣ ತೋಚುತ್ತದೋ ಬರೆಯಿರಿ. ಏನೂ ತೋಚದಿದ್ದರೆ ಏನೂ ಇಲ್ಲ ಅನ್ನಿ. ಹಾಳೆಯನ್ನು ಅಜ್ಜಿಯ ಟ್ರಂಕಿನಲ್ಲಿಟ್ಟು ಮರೆತುಬಿಡಿ. ಮೂರು ತಿಂಗಳಾದ ಮೇಲೆ, ಹಳೆಯದನ್ನು ನೋಡದೆ ಮತ್ತೆ ಬರೆಯಿರಿ. ಊಹಿಸಿ ಬರೆದವರ ಎರಡು ಹಾಳೆಗಳು ಹೊಂದುವುದು ಕಷ್ಟ. ನಿಜವಾಗಿ ಕಾಣುವವರದು ಬಹುಮಟ್ಟಿಗೆ ಹೊಂದುತ್ತದೆ. ವಿಜ್ಞಾನಿಗಳೂ ಹೀಗೆಯೇ ಪರೀಕ್ಷೆ ಮಾಡುತ್ತಾರೆ.

ಅಜ್ಜ ಅಜ್ಜಿಯರೂ ಒಂದೊಂದು ಹಾಳೆ ತುಂಬಿಸಿ. ಇದು ವಂಶದಲ್ಲಿ ಹರಿದು ಬರುವುದುಂಟು. ‘ಶನಿವಾರ ಎಲ್ಲರಿಗೂ ನೀಲಿಯೇ’ ಅಂದುಕೊಂಡು ಅರವತ್ತು ವರ್ಷ ಸುಮ್ಮನಿದ್ದವರು ನಿಮ್ಮ ಮನೆಯಲ್ಲೇ ಸಿಕ್ಕಾರು.